ದೋನ್ಯಾ ಎತೆಲ್ವಿನಾ ಹೆಣೆದ ಗಾಳಿತೋಳಿನ ಪರವಾಗಿ

ಲಾಗೂನಾ ತೂರ್ಬಿಯಾದ ಮಹಾಜನಗಳೇ! ಹ್ಯಾಂಗರಿನ ಬಾಗಿಲಿಗೆ ಒರಗಿ ನಿಂತವರೇ, ಉಣ್ಣೆಯ ಮೂಟೆಗಳ ಮೇಲೆ ಏರಿ ಕುಳಿತವರೇ, ಎರ್ಬಾ ಎಲೆಯ ಕಷಾಯದ ಸೋರೆಬುರುಡೆಯನ್ನು ಕೈಯಿಂದ ಕೈಗೆ ದಾಟಿಸುತ್ತ "ಇವನು ಬಾಯಿ ತೆಗೆದ, ಇನ್ನು ಊಟಕ್ಕೆ ತಡವೇ" ಎಂದು ಗೊಣಗುತ್ತಿರುವವರೇ! ಸದ್ದು ನಿಲ್ಲಲಿ! ಮಕ್ಕಳು ಮುಂದೆ ಬರಲಿ, ನಾಯಿಗಳು ಹೊರಗೆ ಹೋಗಲಿ! ಈ ಪತ್ರವನ್ನು ಮೊದಲು ನಿಮ್ಮೆದುರು ಓದುತ್ತೇನೆ. ಆಮೇಲೆ ನೀದಿಯಾ ಇದನ್ನು ನಮ್ಮೂರ ರೇಡಿಯೊದಲ್ಲಿ ಓದುತ್ತಾಳೆ. ಅದನ್ನು ಕೇಳಿ ರಾಜಧಾನಿಯ ಪತ್ರಿಕೆಯವರು ಬರೆದುಕೊಂಡು ಅಚ್ಚು ಹಾಕುತ್ತಾರೆ. ಅಂಚೆಗೆ ಹಾಕಬಹುದಿತ್ತು. ಆದರೆ ಹಿಮ ಕರಗಿದ ನೀರು ಈ ವರ್ಷವೂ ಸೇತುವೆಯನ್ನು ಹೊತ್ತುಕೊಂಡು ಹೋಗಿದೆ. ನಮ್ಮ ಅಂಚೆಯವನು ಆಚೆ ದಡದಲ್ಲಿ ನಿಂತು ಈಚೆಗೆ ಕೈಬೀಸುವುದನ್ನೇ ಸರ್ಕಾರಿ ಸೇವೆ ಎಂದು ತಿಳಿದಿದ್ದಾನೆ.

ಮಾನ್ಯ ವಿಮಾನದಾಣಗಳ ನಿರ್ದೇಶಕರೇ,

ಒಂದು ಉಣ್ಣೆಯ ತೋಳಿನ ಕಾರಣಕ್ಕೆ ತಾವು ನಮ್ಮೂರ ವಿಮಾನದಾಣವನ್ನು ಮುಚ್ಚಿಸಿದ್ದೀರಿ. ನಾಳೆ ಬೆಳಗ್ಗೆ ಕಣ್ಣಿನ ಡಾಕ್ಟರನ್ನು ಕೂರಿಸಿಕೊಂಡ ಆಸ್ಪತ್ರೆಯ ವಿಮಾನ ನಮ್ಮ ತಲೆಯ ಮೇಲೆ ಹಾದುಹೋಗಲಿದೆ. ವರ್ಷಕ್ಕೊಮ್ಮೆ ಬರುವ ವಿಮಾನ ಅದು. ಇಳಿದರೆ ನಮ್ಮೂರ ಹಿರಿಯಮ್ಮ ದೋನ್ಯಾ ಎತೆಲ್ವಿನಾ ಅದರಲ್ಲಿ ಹತ್ತಿ ಆಸ್ಪತ್ರೆಗೆ ಹೋಗಿ ಪೊರೆ ತೆಗೆಸಿಕೊಂಡು ಬರುತ್ತಾರೆ. ಇಳಿಯದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಅವರ ಎಡಗಣ್ಣು ಆಗಲೇ ಕತ್ತಲು, ಬಲಗಣ್ಣು ಮುಸ್ಸಂಜೆ. ಇನ್ನೊಂದು ವರ್ಷ ಕಾಯಿಸಬೇಡಿ ಎಂದು ಡಾಕ್ಟರಮ್ಮನೇ ರೇಡಿಯೊದಲ್ಲಿ ಹೇಳಿದ್ದಾರೆ. ಇಷ್ಟೇ ಕಥಾವಸ್ತು. ಇನ್ನು ಪರದೆ ಮೇಲೇಳಲಿ.

ವಿಮಾನದಾಣ ಎಂದೊಡನೆ ತಮಗೆ ಗಾಜಿನ ಗೋಡೆ, ಚಲಿಸುವ ಮೆಟ್ಟಿಲು, ಕತ್ತಿಗೆ ಸ್ಕಾರ್ಫ್ ಸುತ್ತಿಕೊಂಡು ನಗುವ ಹೆಣ್ಣುಮಕ್ಕಳು ನೆನಪಾಗಬಹುದು. ನಮ್ಮದರಲ್ಲಿ ಇರುವುದು ಜಲ್ಲಿಯ ಒಂದು ಪಟ್ಟಿ, ತಗಡಿನ ಒಂದು ಹ್ಯಾಂಗರು, ಒಂದು ಕಂಬ. ನಾನು ಚಿಕ್ಕವನಿದ್ದಾಗ ಅಂಚೆಯ ವಿಮಾನ ಇಲ್ಲಿ ಇಳಿಯುತ್ತಿತ್ತು. ಊರೂರು ಅಲೆದು ನಾಟಕವಾಡುತ್ತಿದ್ದ ನಮ್ಮಪ್ಪ ಅಮ್ಮನ ಕಂಪನಿಯ ಲಾರಿ ಇಲ್ಲಿ ಅಚ್ಚು ಮುರಿದುಕೊಂಡು ನಿಂತಾಗ, ಅಚ್ಚಿನ ಬಿಡಿಭಾಗವೂ ಅದೇ ವಿಮಾನದಲ್ಲಿ ಬರುತ್ತದೆ ಎಂದು ಯಾರೋ ಹೇಳಿದರಂತೆ. ಬರಲಿಲ್ಲ. ಆದ್ದರಿಂದ ನಾನು ಈ ಊರಿನವನು. ಈ ಬಯಲಿನ ಗಾಳಿಯಲ್ಲಿ ಕೊನೆಯ ಸಾಲಿಗೂ ನಾಟಕದ ಮಾತು ಮುಟ್ಟಬೇಕೆಂದರೆ ಎದೆ ಬಿರಿಯುವಂತೆ ಕೂಗಬೇಕಿತ್ತು. ಹಾಗಾಗಿ ನನ್ನ ದನಿ ತುಸು ದೊಡ್ಡದು. ಪತ್ರದಲ್ಲೂ ಅದು ಕೇಳಿಸಿದರೆ ಕ್ಷಮೆಯಿರಲಿ.

ಆಮೇಲೆ ಅಂಚೆಯ ವಿಮಾನ ನಿಂತಿತು. ರನ್‌ವೇಯನ್ನು ಮುಳ್ಳುಪೊದೆ ಹಂಚಿಕೊಂಡಿತು, ಉಳಿದದ್ದನ್ನು ಮೊಲಗಳು ತೋಡಿಕೊಂಡವು, ಹ್ಯಾಂಗರು ಕುರಿಗಳಿಗೆ ಸೇರಿತು. ಪ್ರತಿ ವರ್ಷ ಹಿಮ ಕರಗುತ್ತದೆ, ಪ್ರತಿ ವರ್ಷ ಸೇತುವೆ ಹೋಗುತ್ತದೆ, ಪ್ರತಿ ವರ್ಷ ನಾವು ಹೊಳೆಯ ಈಚೆಗೆ ಹಲ್ಲುನೋವು, ಹೆರಿಗೆ, ಕೆಮ್ಮುಗಳನ್ನು ಇಟ್ಟುಕೊಂಡು ಕೂರುತ್ತೇವೆ. ಇಷ್ಟು ವರ್ಷ ತಮ್ಮ ಇಲಾಖೆ ಇತ್ತ ತಿರುಗಿ ನೋಡಿತೇ? ನೋಡಿತು. ಭೂಪಟದಲ್ಲಿ ನಮ್ಮ ವಿಮಾನದಾಣದ ಗುರುತನ್ನು ಅಳಿಸಲು ಒಮ್ಮೆ ನೋಡಿತು. ಆ ಶ್ರದ್ಧೆಗೆ ನಮ್ಮ ನಮಸ್ಕಾರ.

ಕೊನೆಗೆ ನಾವು ಮಿಂಗಾ ಕರೆದೆವು. ಮಿಂಗಾ ಎಂದರೆ ಕೂಲಿಯಿಲ್ಲದ ಕೆಲಸ. ಕರೆದವರು ಕುರಿಮರಿ ಸುಡಬೇಕು, ಬಂದವರು ತಮಗೆ ಬರುವುದನ್ನು ಮಾಡಬೇಕು. ಅದಕ್ಕೆ ಎರಡು ಕಟ್ಟಳೆ. ಯಾರು ಏನು ತಂದರೂ ಬೇಡ ಎನ್ನುವಂತಿಲ್ಲ. ಒಬ್ಬರು ಹಿಡಿದ ಕೆಲಸಕ್ಕೆ ಇನ್ನೊಬ್ಬರು ಕೈಹಾಕುವಂತಿಲ್ಲ. ಇದು ತಮ್ಮ ಇಲಾಖೆಗಿಂತ ಹಳೆಯ ಕಾನೂನು, ಮತ್ತು ಜನ ಇದನ್ನು ಪಾಲಿಸುತ್ತಾರೆ.

ಹೀಗಾಗಿ ನಮ್ಮೂರ ಕ್ಷೌರಿಕ ಬಂದು ರನ್‌ವೇ ಬದಿಯ ಪೊದೆಗಳನ್ನು ಕತ್ತರಿಸಿದ. ಅವಕ್ಕೆಲ್ಲ ಎಡಗಡೆ ಬೈತಲೆ ಇದೆ. ಬೇಕರಿಯವಳು ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿದಳು. ಪ್ರತಿ ಕಲ್ಲಿಗೂ ಹುಟ್ಟುಹಬ್ಬದ ಕೇಕಿನಂತೆ ಸುತ್ತ ಬಳ್ಳಿ. ನೆಲ ಸಮ ಮಾಡುವ ಯಂತ್ರ ಓಡಿಸಿದವನು ಗ್ಯಾರೇಜಿನ ಎಲಿಯಾಸ್. ಅವನ ಅಜ್ಜ ಲೆಬನಾನಿನಿಂದ ಗುಂಡಿಗಳ ಪೆಟ್ಟಿಗೆ ಹೊತ್ತು ಬಂದವರು, ಆದ್ದರಿಂದ ಅವನನ್ನು ತೂರ್ಕೊ, ಅಂದರೆ ತುರ್ಕಿಯವನು, ಎಂದು ಕರೆಯುತ್ತೇವೆ. ಯಾಕೆಂದು ಅವನೂ ಕೇಳಿಲ್ಲ, ನಾವೂ ಹೇಳಿಲ್ಲ. ರನ್‌ವೇ ನಡುವೆ ಒಂದು ಟೇರೊ ಹಕ್ಕಿ ಮೊಟ್ಟೆಯಿಟ್ಟಿತ್ತು. ಮರಿಗಳು ಹಾರಿಹೋಗುವವರೆಗೆ ತೂರ್ಕೊ ಅದರ ಸುತ್ತ ಯಂತ್ರ ತಿರುಗಿಸಿಕೊಂಡು, ಪ್ರತಿ ಸಲ ಹಕ್ಕಿಯಿಂದ ಬೈಸಿಕೊಂಡು ಕೆಲಸ ಮಾಡಿದ. ಇಂಥ ಕಾಳಜಿಯಿಂದ ಕಟ್ಟಿದ ಇನ್ನೊಂದು ವಿಮಾನದಾಣ ತಮ್ಮ ಕಡತಗಳಲ್ಲಿ ಇದ್ದರೆ ದಯವಿಟ್ಟು ತೋರಿಸಿ.

ಎಲ್ಲ ಮುಗಿದು ಉಳಿದದ್ದು ಕಂಬದ ತುದಿಗೆ ಕಟ್ಟಬೇಕಾದ ಗಾಳಿತೋಳು. ತಮಗೆ ಗೊತ್ತು, ಆದರೆ ಈ ಪತ್ರ ಕೇಳುತ್ತಿರುವ ಅಂಚೆಯವನಿಗೆ ಗೊತ್ತಿಲ್ಲದಿರಬಹುದು: ಗಾಳಿ ಎತ್ತಲಿಂದ ಎತ್ತ, ಎಷ್ಟು ಜೋರು ಎಂದು ಮೇಲಿರುವ ಪೈಲಟ್‌ಗೆ ತೋರಿಸುವ ಬಟ್ಟೆಯ ಚೀಲ ಅದು. ಒಂದು ಬಾಯಿಂದ ಗಾಳಿ ನುಗ್ಗಿ, ಕಿರಿದಾದ ಇನ್ನೊಂದು ಬಾಯಿಂದ ಹೊರಬೀಳಬೇಕು. ಗಾಳಿ ಜೋರಾದಷ್ಟೂ ತೋಳು ನೆಟ್ಟಗಾಗುತ್ತದೆ.

ಅದನ್ನು ಮಾಡುವ ಕೆಲಸವನ್ನು ದೋನ್ಯಾ ಎತೆಲ್ವಿನಾ ಹಿಡಿದರು. ಹಿಡಿದರು ಎಂದರೆ, ಯಾರೂ ಕೊಡದೆಯೇ ಹಿಡಿದರು. ನಮ್ಮೂರಿನ ಒಂದೊಂದು ಬೆನ್ನಿನ ಮೇಲೂ ಅವರು ಹೆಣೆದ ಸ್ವೆಟರಿದೆ. ಅವುಗಳಲ್ಲಿ ಒಂದರೊಳಕ್ಕೂ ಇವತ್ತಿನವರೆಗೆ ಗಾಳಿ ನುಗ್ಗಿದ ಉದಾಹರಣೆಯಿಲ್ಲ. ಕಣ್ಣಿನ ಮಾತೆತ್ತಿದರೆ ಮಾತ್ರ ಸಿಡುಕುತ್ತಿದ್ದರು. "ನನ್ನ ಕಣ್ಣಿಗೇನಾಗಿದೆ? ಈಚೆಗೆ ಸೂರ್ಯನೇ ಸರಿಯಾಗಿ ಉರೀತಿಲ್ಲ," ಎನ್ನುತ್ತಿದ್ದರು.

ಒಂದು ಭಾನುವಾರ ಮಡಿಲು ತುಂಬ ಉಣ್ಣೆ ಹೊತ್ತು ತಂದು ತೂರ್ಕೊನ ಕೈಗಿಟ್ಟರು.

"ತಗೋ. ನಿಮ್ಮ ಗಾಳಿಗೊಂದು ತೋಳು."

ಕಿತ್ತಳೆ ಮತ್ತು ಬಿಳಿ ಪಟ್ಟೆ ಇರಬೇಕಿತ್ತು. ಅದರಲ್ಲಿ ಕಿತ್ತಳೆಯೇನೋ ಇತ್ತು. ಜೊತೆಗೆ ಹಸಿರಿತ್ತು, ದ್ರಾಕ್ಷಾರಸದ ಬಣ್ಣವಿತ್ತು, ಹೆಸರಿಡಲಾಗದ ಇನ್ನೊಂದಿತ್ತು. ತೂರ್ಕೊ ಅದನ್ನು ಹಿಂದೆ ಮುಂದೆ ತಿರುಗಿಸಿದ.

"ದೋನ್ಯಾ, ಇದರ ಬಾಯಿ ಎಲ್ಲಿದೆ?"

"ಯಾವ ಬಾಯಿ?"

"ಅದೇ... ಗಾಳಿ ಒಳಗೆ ಹೋಗೋಕೆ."

"ಗಾಳಿ ಒಳಗೆ ಹೋಗೋಕಾ!" ದೋನ್ಯಾ ಸೊಂಟಕ್ಕೆ ಕೈಯಿಟ್ಟರು. "ಲೋ ಎಲಿಯಾಸ್, ನಿನ್ನ ಮದುವೆಗೆ ಸ್ವೆಟರ್ ಹೆಣೆದುಕೊಟ್ಟೋಳು ಯಾರು?"

"ನೀವೇ ದೋನ್ಯಾ."

"ಅದರೊಳಗೆ ಗಾಳಿ ಬಂತಾ?"

"ಇಲ್ಲ ದೋನ್ಯಾ."

"ನಿಮ್ಮಪ್ಪನ್ನ ಮಣ್ಣು ಮಾಡೋವಾಗ ಹಾಕಿದ್ದೂ ನಾನು ಹೆಣೆದದ್ದೇ. ಇವತ್ತಿನವರೆಗೆ ಅವನೇನಾದ್ರೂ ದೂರು ಹೇಳಿದ್ನಾ?"

"ಇಲ್ಲ ದೋನ್ಯಾ."

"ಮತ್ತೆ? ಎರಡೂ ಕಡೆ ಬಿಗಿಯಾಗಿ ಮುಚ್ಚಿದ್ದೀನಿ. ಒಳಗೆ ಕುರಿ ತುಪ್ಪಳನೂ ಹಾಕಿದ್ದೀನಿ. ಅಷ್ಟೆತ್ತರದಲ್ಲಿ ಹಗಲೂ ರಾತ್ರಿ ನೇತಾಡುತ್ತೆ, ಪಾಪ, ಅದಕ್ಕೆ ಚಳಿ ಆಗಲ್ವಾ?"

ನಿರ್ದೇಶಕರೇ, ತಾವಾಗಿದ್ದರೆ ಏನು ಹೇಳುತ್ತಿದ್ದಿರಿ? ಜೀವಮಾನವಿಡೀ ಗಾಳಿಯನ್ನು ಹೊರಗಿಡುವುದನ್ನೇ ಧರ್ಮವೆಂದು ತಿಳಿದ ಕೈಗೆ, ಈ ಒಂದು ವಸ್ತುವಿಗೆ ಮಾತ್ರ ಗಾಳಿ ನುಗ್ಗಬೇಕು ಎಂದು ಯಾವ ಬಾಯಿಂದ ಹೇಳುವುದು? ಅದೂ ಮಿಂಗಾದಲ್ಲಿ ತಂದದ್ದು, ಬೇಡ ಎನ್ನುವಂತಿಲ್ಲ. ಹಾಡು ಹೇಳುತ್ತ ಏರಿಸಿದೆವು. ಅದು ಕಂಬದ ತುದಿಯಲ್ಲಿ ನೀರಿಗೆ ಬಿದ್ದ ಬೆಕ್ಕಿನಂತೆ ಜೋತುಬಿತ್ತು. ಕೆಳಗೆ ಹೆಂಗಸರ ತಲೆವಸ್ತ್ರಗಳು ಹಾರಿ ಆಚೆ ಊರಿಗೆ ಹೋಗುತ್ತಿದ್ದವು, ಒಂದು ಕೋಳಿ ಹಿಮ್ಮುಖವಾಗಿ ನಡೆದುಹೋಯಿತು, ಮೇಲೆ ತೋಳು ಮಾತ್ರ ಅಲುಗಲಿಲ್ಲ.

"ಹೇಗೆ ಕಾಣ್ತಿದೆ?" ಎಂದು ದೋನ್ಯಾ ಕತ್ತೆತ್ತಿ ಕೇಳಿದರು.

"ಬೆಚ್ಚಗಿದೆ ದೋನ್ಯಾ," ಎಂದ ತೂರ್ಕೊ. ಸುಳ್ಳಲ್ಲವಲ್ಲ.

ತಮ್ಮ ತಪಾಸಣಾಧಿಕಾರಿ ಬರುತ್ತಾರೆಂದು ಸುದ್ದಿ ಬಂದಾಗ ತೂರ್ಕೊ ನನ್ನನ್ನು ಗ್ಯಾರೇಜಿನ ಮೂಲೆಗೆ ಎಳೆದ.

"ಲೋ ಅನ್ಸೆಲ್ಮೊ, ಇಲ್ಲಿ ಗಾಳಿ ಎತ್ತಲಿಂದ ಬರುತ್ತೆ?"

"ಪಶ್ಚಿಮದಿಂದ."

"ಯಾವತ್ತಾದ್ರೂ ಬೇರೆ ಕಡೆಯಿಂದ ಬಂದದ್ದು ನೋಡಿದ್ದೀಯಾ?"

"ಇಲ್ಲ."

"ನಿಂತದ್ದು?"

"ಹುಚ್ಚೇನೋ ನಿನಗೆ?"

"ಹಂಗಾದ್ರೆ ತೋಳು ಯಾವಾಗ್ಲೂ ಪೂರ್ವಕ್ಕೆ ಚಾಚ್ಕೊಂಡು ನಿಂತಿದ್ರೆ ಅದು ಹೇಳೋದು ಸುಳ್ಳಾಗುತ್ತಾ?"

"ಆಗಲ್ಲ. ಆದ್ರೆ ನಿಲ್ಲಬೇಕಲ್ಲ."

"ನಿಲ್ಲಿಸೋಣ," ಎಂದ ತೂರ್ಕೊ.

ಮಧ್ಯಾಹ್ನದ ನಿದ್ದೆಯ ಹೊತ್ತು, ಊರು ಗೊರಕೆ ಹೊಡೆಯುತ್ತಿದ್ದಾಗ, ತೋಳನ್ನು ಇಳಿಸಿ, ಒಂದು ಕಡೆ ಹೊಲಿಗೆ ಬಿಚ್ಚಿ, ಉದ್ದ ಕೋಲಿನ ಪೊರಕೆಯೊಂದನ್ನು ಒಳಗೆ ತೂರಿಸಿ, ಮೀನಿನ ಗಾಳದ ದಾರದಿಂದ ಮತ್ತೆ ಹೊಲಿದು ಏರಿಸಿದೆವು. ತೋಳು ಪೂರ್ವಕ್ಕೆ ಬೆರಳು ಮಾಡಿ ನಿಂತಿತು, ಸೇನಾಪತಿ ಶತ್ರುವನ್ನು ತೋರಿಸಿದ ಹಾಗೆ! ಮಿಂಗಾದ ಕಟ್ಟಳೆ ಮುರಿದಿರಿ ಎಂದು ಯಾರೂ ಹೇಳಕೂಡದು. ನಾವು ಕೈಹಾಕಿದ್ದು ದೋನ್ಯಾ ಹೆಣೆದ ತೋಳಿಗಲ್ಲ, ಪೊರಕೆಗೆ. ಪೊರಕೆ ಎಲ್ಲಿಯದು ಎಂದು ಕೇಳಿದೆ. "ಸಿಕ್ತು," ಎಂದ ತೂರ್ಕೊ.

ಈಗ ತಪಾಸಣೆಯ ದಿನ. ಮಾನ್ಯರೇ, ಮಹಾಜನಗಳೇ, ಆ ದಿನ ಗಾಳಿ ನಿಂತಿತು.

ನಮ್ಮೂರಲ್ಲಿ ಹುಟ್ಟಿದವರಿಗೆ ಬಾಗಿ ನಡೆಯುವುದು ಅಭ್ಯಾಸ. ಅವತ್ತು ಬೆಳಗ್ಗೆ ಮನೆಯಿಂದ ಹೊರಬಿದ್ದವರೆಲ್ಲ ಆನಿಕೊಳ್ಳಲು ಗಾಳಿಯಿಲ್ಲದೆ ಮುಗ್ಗರಿಸಿದರು. ಹೊಗೆಗೂಡಿನ ಹೊಗೆ ಸೀದಾ ಮೇಲೆ ಹೋಗುವುದನ್ನು ಕಂಡು ಅದು ಹೊಗೆಯೆಂದು ಯಾರೂ ನಂಬಲಿಲ್ಲ. ನಾಯಿಗಳು ನಿಶ್ಶಬ್ದವನ್ನು ನೋಡಿ ಬೊಗಳಿದವು. ನೀದಿಯಾ ರೇಡಿಯೊದಲ್ಲಿ, "ಊರಲ್ಲಿ ಏನೋ ಆಗಿದೆ, ಏನಂತ ಗೊತ್ತಿಲ್ಲ, ಎಲ್ಲರೂ ಮನೆಯಲ್ಲೇ ಇರಿ," ಎಂದು ಪ್ರಕಟಿಸಿದಳು. ಆದರೆ ರನ್‌ವೇಯ ಪಶ್ಚಿಮದ ತುದಿಯಲ್ಲಿ ಕುರಿಮರಿಗಳು ಆಗಲೇ ಬೆಂಕಿಯ ಮುಂದೆ ಚಾಚಿಕೊಂಡಿದ್ದವು, ಆದ್ದರಿಂದ ಯಾರೂ ಮನೆಯಲ್ಲಿ ಇರಲಿಲ್ಲ.

ತೂರ್ಕೊ ಬೆವರುತ್ತ ಕಂಬದ ಹತ್ತಿರ ಓಡಿದ. ತೋಳನ್ನು ಇಳಿಸಿಬಿಡುವ ಯೋಚನೆ. ಅಲ್ಲಿ ದೋನ್ಯಾ ಕುರ್ಚಿ ಹಾಕಿಕೊಂಡು, ಒಳ್ಳೆಯ ಶಾಲು ಹೊದ್ದು ಕೂತಿದ್ದರು. ಹಗ್ಗ ಕಿರುಗುಟ್ಟಿತು.

"ಯಾರದು?"

"ನಾನು ದೋನ್ಯಾ. ಹಗ್ಗ ಬಿಗಿ ಇದೆಯಾ ಅಂತ ನೋಡ್ತಿದ್ದೆ."

"ಬಿಡು ಹಗ್ಗ. ತೋಳು ಹೇಗಿದೆ?"

"ನೆಟ್ಟಗಿದೆ ದೋನ್ಯಾ. ತುಂಬ ನೆಟ್ಟಗಿದೆ."

ದೋನ್ಯಾ ಕೆನ್ನೆ ಮುಂದೆ ಮಾಡಿ ಗಾಳಿಗೆ ಒಡ್ಡಿದರು. "ನಂಗೆ ಒಂಚೂರೂ ಗಾಳಿ ತಾಗ್ತಿಲ್ವಲ್ಲೋ."

"ಇಲ್ಲಿ ಕೆಳಗಿಲ್ಲ ದೋನ್ಯಾ. ಮೇಲೆ. ಮೇಲೆ ಭಯಂಕರ."

ಅಷ್ಟರಲ್ಲಿ ಪೂರ್ವದಿಂದ ತಮ್ಮ ಅಧಿಕಾರಿಯ ವಿಮಾನ ಕಾಣಿಸಿತು. ಪೈಲಟ್ ಕೆಳಗೆ ನೋಡಿದ. ತೋಳು ಕಬ್ಬಿಣದ ಸಲಾಕೆಯಂತೆ ನಿಂತಿದೆ! ಎದುರುಗಾಳಿ ಬಂಡೆಯಂತೆ ಬಂದು ಬಡಿಯುತ್ತದೆಂದು ತಿಳಿದು, ಅದನ್ನು ಸೀಳಿಕೊಂಡು ಇಳಿಯಲು ವೇಗ ಹೆಚ್ಚಿಸಿಕೊಂಡು ಬಂದ. ಸೀಳಲು ಅಲ್ಲಿ ಏನೂ ಇರಲಿಲ್ಲ. ವಿಮಾನ ನೆಲ ಮುಟ್ಟಲು ಒಪ್ಪದೆ ರನ್‌ವೇಯ ಮೇಲೆ ತೇಲಿತು, ತೇಲಿತು, ಬೇಕರಿಯವಳ ಕೇಕಿನ ಕಲ್ಲುಗಳನ್ನೆಲ್ಲ ದಾಟಿತು, ಕೊನೆಗೆ ನೆಲ ಮುಟ್ಟಿ, ಕಿರುಚಿ, ಧೂಳೆಬ್ಬಿಸಿ, ರನ್‌ವೇ ಮುಗಿದು ಊಟ ಶುರುವಾಗುವ ಜಾಗದಲ್ಲಿ, ಸುಡುತ್ತಿದ್ದ ಕುರಿಮರಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನಿಂತಿತು. ರೆಕ್ಕೆಚಕ್ರದ ಗಾಳಿಗೆ ಕೆಂಡಗಳೆಲ್ಲ ಒಮ್ಮೆಲೆ ಧಗ್ಗೆಂದವು. ಕುರಿಮರಿ ಆ ಕ್ಷಣದಲ್ಲಿ ಹದವಾಗಿ ಬೆಂದಿತು.

ಮಾಂಸ ಬೆಂದಾಗ ನಮ್ಮಲ್ಲಿ ಒಂದು ರೂಢಿಯಿದೆ. ಯಾರೋ ಹಿಂದಿನಿಂದ ರೂಢಿಯಂತೆ ಕೂಗಿದರು: "ಸುಟ್ಟವನಿಗೊಂದು ಚಪ್ಪಾಳೆ!" ಊರಿಗೆ ಊರೇ ಚಪ್ಪಾಳೆ ತಟ್ಟಿತು. ಮೈಯೆಲ್ಲ ಬೂದಿಯಾಗಿ ಇಳಿದ ತಮ್ಮ ಅಧಿಕಾರಿ, ಅದು ತಮಗೆಂದು ತಿಳಿದು, ಪಾಪ, ತಲೆಬಾಗಿ ವಂದಿಸಿದರು. ಇಂಥ ರಂಗಪ್ರವೇಶ ನಮ್ಮಪ್ಪನ ಕಂಪನಿಯಲ್ಲೂ ಆಗಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಆಮೇಲೆ ಅವರಿಗೆ ಮಾತು ಬಂತು.

"ಗಾಳಿ ಎಲ್ರೀ ಇಲ್ಲಿ?"

"ಇವತ್ತು ರಜೆ ಸಾಹೇಬ್ರೇ," ಎಂದ ತೂರ್ಕೊ.

"ಮತ್ತೆ ಅದ್ಯಾಕೆ ಹಂಗೆ ನಿಂತಿದೆ?"

ದೋನ್ಯಾ ಕುರ್ಚಿಯಿಂದಲೇ ದನಿಯ ಕಡೆ ಮುಖ ತಿರುಗಿಸಿ ಹೆಮ್ಮೆಯಿಂದ ಹೇಳಿದರು: "ಬಿಗಿ ಹೆಣಿಗೆ ಮಗನೇ. ಜೋಲು ಬೀಳೋದು ಅನ್ನೋದೇ ಇಲ್ಲ ನನ್ನ ಕೈಕೆಲಸದಲ್ಲಿ."

ಅಧಿಕಾರಿ ಆಗ ಏನೂ ಹೇಳಲಿಲ್ಲ. ಅದು ಅವರ ಸಜ್ಜನಿಕೆ, ಒಪ್ಪಿಕೊಳ್ಳುತ್ತೇನೆ. ಊಟ ಮಾಡಿದರು, ಪಕ್ಕೆಲುಬನ್ನು ಮತ್ತೊಮ್ಮೆ ಹಾಕಿಸಿಕೊಂಡರು. ದೋನ್ಯಾ ಮಲಗಲು ಮನೆಗೆ ಹೋದ ಮೇಲೆ ಕಂಬದ ಹತ್ತಿರ ಹೋಗಿ, ತೋಳನ್ನು ಇಳಿಸಿ ಹಿಸುಕಿ ನೋಡಿದರು. ಅವರ ಮುಖದಲ್ಲಿ ಮೂಡಿದ ಭಾವಕ್ಕೆ ನವರಸಗಳಲ್ಲಿ ಹೆಸರಿಲ್ಲ.

ಅವರು ಹೊರಟ ಮೇಲೆ ತೋಳನ್ನು ಮತ್ತೆ ಏರಿಸಿದೆವು. ಕೆಲವು ದಿನಗಳಲ್ಲಿ ತಮ್ಮ ಆದೇಶ ರೇಡಿಯೊ ಮೂಲಕ ಬಂತು. ನೀದಿಯಾ ಮೊದಲು ಓದುವವಳು, ಆಮೇಲೆ ಯೋಚಿಸುವವಳು. ಊರಿಗೆಲ್ಲ ಕೇಳುವಂತೆ ಓದಿಬಿಟ್ಟಳು. "ಗಾಳಿಸೂಚಕದ ಸ್ಥಾನದಲ್ಲಿ ಅನಧಿಕೃತ ಹೆಣಿಗೆ ವಸ್ತುವೊಂದು ಕಂಡುಬಂದಿದ್ದು, ಅದರ ಗರ್ಭದಲ್ಲಿ ಗೃಹೋಪಯೋಗಿ ಪೊರಕೆ ಪತ್ತೆಯಾಗಿರುತ್ತದೆ." ಆದ್ದರಿಂದ ವಿಮಾನದಾಣ ಮುಚ್ಚತಕ್ಕದ್ದು. ಮೈದಾನದಲ್ಲಿ ಬೆಂಕಿ, ಹೊಗೆ, ಮಾಂಸ ನಿಷಿದ್ಧ. ಬಟ್ಟೆ, ಉಣ್ಣೆ, ಚರ್ಮ, ಲೋಹದ ಯಾವ ವಸ್ತುವನ್ನೂ ಕಂಬಕ್ಕೆ ಏರಿಸಕೂಡದು. ಇಲಾಖೆಯೇ ಒಂದು ಅಂಗೀಕೃತ ಗಾಳಿತೋಳನ್ನು ಕಳಿಸಿಕೊಡುತ್ತದೆ; ಅದು ಬಂದ ಮೇಲೆ ವಿಮಾನದಾಣ ತೆರೆಯಬಹುದು.

ಆಹಾ! ಹೇಗೆ ಬರುತ್ತದೆ ಸ್ವಾಮಿ ಆ ಅಂಗೀಕೃತ ತೋಳು? ರಸ್ತೆಯಲ್ಲಿ ಬರಲು ಸೇತುವೆಯಿಲ್ಲ. ವಿಮಾನದಲ್ಲಿ ಬರಲು ವಿಮಾನದಾಣ ಮುಚ್ಚಿದೆ. ವಿಮಾನದಾಣ ತೆರೆಯಲು ತೋಳು ಬೇಕು. ನಾನು ಇದನ್ನು ತಮ್ಮ ಕಚೇರಿಯ ಗುಮಾಸ್ತರಿಗೆ ರೇಡಿಯೊದಲ್ಲಿ ವಿವರಿಸಿದೆ. ಅವರು, "ನೀವು ಹೇಳೋದು ಸರಿ. ಲಿಖಿತವಾಗಿ ಕಳಿಸಿ, ಅಂಚೆಯಲ್ಲಿ," ಎಂದರು.

ಆದರೆ ನಮಗೆ ತಮ್ಮ ಆದೇಶಕ್ಕಿಂತ ಹೆಚ್ಚು ಭಯವಿದ್ದದ್ದು ಇನ್ನೊಬ್ಬರದು. ನೀದಿಯಾಳ ದನಿ ನಿಂತ ಸ್ವಲ್ಪ ಹೊತ್ತಿಗೆ ದೋನ್ಯಾ ಎತೆಲ್ವಿನಾ ಗೋಡೆ ಬೇಲಿ ಸವರಿಕೊಂಡು ಒಬ್ಬರೇ ಮೈದಾನಕ್ಕೆ ನಡೆದು ಬಂದರು.

"ಇಳಿಸು," ಎಂದರು.

ತೂರ್ಕೊ ಇಳಿಸಿದ. ದೋನ್ಯಾ ತೋಳನ್ನು ತೊಡೆಯ ಮೇಲಿಟ್ಟುಕೊಂಡು, ಹೊಲಿಗೆ ಹುಡುಕಿ ಬಿಚ್ಚಿ, ಒಳಗೆ ಕೈಹಾಕಿದರು. ಕೋಲನ್ನು ಮೇಲಿಂದ ಕೆಳಗೆ ಸವರಿದರು. ಬುಡದ ಕಡ್ಡಿಗಳನ್ನು ಮುಟ್ಟಿದರು. ಮತ್ತೆ ಮುಟ್ಟಿದರು.

"ಇದು ನನ್ನ ಪೊರಕೆ."

ನಾನು ತೂರ್ಕೊನ ಮುಖ ನೋಡಿದೆ. ತೂರ್ಕೊ ಆಕಾಶ ನೋಡಿದ.

"ಬಾಗಿಲ ಹಿಂದೆ ಇಡ್ತಿದ್ದೆ," ಎಂದರು ದೋನ್ಯಾ. "ಎಷ್ಟು ಹುಡುಕಿದೆ. ಇಟ್ಟ ಜಾಗದಲ್ಲೇ ಇರುತ್ತೆ, ನಂಗೇ ಕಾಣ್ತಿಲ್ಲ ಅಂದ್ಕೊಂಡೆ. ಸೂರ್ಯಂದಲ್ಲ, ಕಣ್ಣಿಂದೇ ತಪ್ಪು ಅಂತ ಅವತ್ತೇ ಗೊತ್ತಾಯ್ತು. ಮನೆ ತುಂಬ ಕಸ ಇಟ್ಕೊಂಡು ಕೂತು ಅತ್ತೆ ಕಣೋ ನಾನು."

"ದೋನ್ಯಾ, ತಪ್ಪಾಯ್ತು..."

"ಸುಮ್ನಿರು. ಅವತ್ತು ಬಾಯಿ ಎಲ್ಲಿ ಅಂತ ಕೇಳ್ದೆ. ಯಾಕೆ ಬೇಕು ಅಂತ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಕಣ್ಣಿಲ್ಲದೋಳು ನಾನು, ನಾ ತಂದದ್ದಕ್ಕೆಲ್ಲ ತಲೆಯಾಡಿಸಿದ್ರೆ ನಂಗೆ ಕಾಣುತ್ತಾ? ನಂಗೆ ಕೇಳಿಸೋ ಹಾಗೆ ಬೈಬೇಕು!"

ಇಡೀ ಊರು ಮರ್ಯಾದೆಯೆಂದು ತಿಳಿದು ಮಾಡಿದ್ದು ಏನೆಂದು ನಮಗೆ ಆಗ ಅರ್ಥವಾಯಿತು.

ಸ್ವಲ್ಪ ಹೊತ್ತಿಗೆ ದೋನ್ಯಾ ಮೂಗೊರೆಸಿಕೊಂಡರು. "ಆ ಡಾಕ್ಟರಮ್ಮ ಬರ್ಲಿ. ತೋರಿಸ್ಕೋತೀನಿ. ಮೊದಲು ಈ ಎಲಿಯಾಸನ ಮುಖ ಸರಿಯಾಗಿ ಕಾಣಬೇಕು ನಂಗೆ. ಎಲ್ಲಿ ಹೊಡೀಬೇಕು ಅಂತ ಗೊತ್ತಾಗ್ಬೇಕಲ್ಲ."

ಎಷ್ಟು ವರ್ಷಗಳಿಂದ ಊರೆಲ್ಲ ಬೇಡಿಕೊಂಡರೂ ಒಪ್ಪದವರು ಹೀಗೆ ಒಪ್ಪಿದರು. ಪೊರಕೆಯನ್ನು ಹೆಗಲಿಗೇರಿಸಿ, ತೋಳನ್ನು ಕಂಕುಳಿಗೆ ಇಟ್ಟುಕೊಂಡು ಮನೆಗೆ ಹೋದರು. ಅವತ್ತಿನಿಂದ ಅದನ್ನು ಬಿಚ್ಚಿ ಹೊಸದಾಗಿ ಹೆಣೆಯುತ್ತಿದ್ದಾರೆ. ಎರಡು ಬಾಯಿ ಇಟ್ಟು, ಹಗುರ ದಾರದಲ್ಲಿ, ಪಕ್ಕದ ಮನೆಯವಳಿಂದ ಬಣ್ಣ ಕೇಳಿ ಕೇಳಿ. ಆದರೆ ಸಡಿಲವಾಗಿ ಹೆಣೆಯುವುದು ಅವರ ಕೈಗೆ ಒಗ್ಗುತ್ತಿಲ್ಲ. ತುಸು ಮರೆತರೆ ಬೆರಳುಗಳು ಬಿಗಿದುಬಿಡುತ್ತವೆ. ಬೈದುಕೊಂಡು ಬಿಚ್ಚುತ್ತಾರೆ, ಮತ್ತೆ ಶುರು ಮಾಡುತ್ತಾರೆ. ನಾಳೆಯೊಳಗೆ ಅದು ಮುಗಿಯುವುದಿಲ್ಲ. ಅವರು ಹಿಡಿದ ಕೆಲಸ ಅವರು ಬಿಡುವವರೆಗೆ ಅವರದೇ; ಬೇರೆ ಯಾರೂ ಇನ್ನೊಂದು ತೋಳು ಹೊಲಿಯುವಂತಿಲ್ಲ. ಹೊಲಿದರೂ ಏರಿಸಲು ತಮ್ಮ ಆದೇಶ ಬಿಡುವುದಿಲ್ಲ. ಹೊಗೆ ಹಾಕಿ ತೋರಿಸೋಣವೆಂದರೆ ಅದೂ ನಿಷಿದ್ಧ. ಒಂದು ಊರನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿಹಾಕಿದ ತಮ್ಮ ಲೇಖನಿಗೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೇನೆ!

ಈಗ ವಾದಕ್ಕೆ ಬರೋಣ. ತೋಳು ಸುಳ್ಳು ಹೇಳಿತು ಎಂಬುದು ತಮ್ಮ ಆರೋಪ. ನಾನು ಕೇಳುತ್ತೇನೆ: ಪೊರಕೆ ಹಾಕಿದ ದಿನದಿಂದ ತಮ್ಮ ಅಧಿಕಾರಿ ಬರುವವರೆಗೆ ಅದು ಹೇಳಿದ್ದೆಲ್ಲ ಸತ್ಯ. ಅವರು ಹೊರಟ ಸಂಜೆಯೇ ಗಾಳಿ ಮತ್ತೆ ಬೀಸಿತು, ತೋಳು ಮತ್ತೆ ಸತ್ಯವಾಯಿತು. ಸುಳ್ಳಾದದ್ದು ಅವರು ಇಲ್ಲಿದ್ದ ಹೊತ್ತಿನಲ್ಲಿ ಮಾತ್ರ. ಹಾಗಿದ್ದರೆ ಮುಚ್ಚಬೇಕಾದದ್ದು ವಿಮಾನದಾಣವನ್ನೋ, ತಪಾಸಣೆಯನ್ನೋ? ಹೋಗಲಿ, ನಗಬೇಡಿ, ಇನ್ನೊಂದು ಕೇಳುತ್ತೇನೆ. ನಮ್ಮ ಪೊರಕೆ ಒಂದು ವಿಮಾನವನ್ನು ಊಟದ ತನಕ ಓಡಿಸಿತು, ನಿಜ. ತಪ್ಪು ನಮ್ಮದು, ದೇವರ ದಯೆ, ಯಾರಿಗೂ ಗಾಯವಾಗಲಿಲ್ಲ. ಆದರೆ ಗಾಳಿ ಎತ್ತ ಬೀಸಿದರೂ, ನಿಂತರೂ, ಸೇತುವೆ ಬಿದ್ದರೂ, ಮುದುಕಿಯೊಬ್ಬಳ ಕಣ್ಣು ಆರಿದರೂ, ಒಂದೇ ದಿಕ್ಕಿಗೆ ನೆಟ್ಟಗೆ ನಿಂತಿರುವ ಆದೇಶವೊಂದಿದೆಯಲ್ಲ, ಅದರ ಒಳಗೆ ಏನಿದೆ ಎಂದು ಯಾರಾದರೂ ಹಿಸುಕಿ ನೋಡಿದ್ದಾರೆಯೇ?

ನಿನ್ನೆ ಆಸ್ಪತ್ರೆಯ ವಿಮಾನದ ಪೈಲಟ್ ಜೊತೆ ನೀದಿಯಾಳ ರೇಡಿಯೊದಲ್ಲಿ ಮಾತಾಡಿದೆ.

"ಆದೇಶ ಕೇಳಿದೆ," ಎಂದರು ಆತ. "ರೋಗಿ ಇರೋ ಕಡೆ ಇಳಿಯೋದು ಬಿಡೋದು ನನ್ನ ತೀರ್ಮಾನ, ಆಮೇಲೆ ಬೈಸ್ಕೋತೀನಿ. ಆದ್ರೆ ಗಾಳಿ ಎತ್ತಲಿಂದ ಅಂತ ಮೇಲಿಂದ ನಂಗೆ ಕಾಣಬೇಕು. ಕಂಡ್ರೆ ಇಳೀತೀನಿ, ಇಲ್ಲಾಂದ್ರೆ ಮುಂದೆ ಹೋಗ್ತೀನಿ. ಮತ್ತೆ ಒಂದು ಮಾತು, ಅನ್ಸೆಲ್ಮೊ ಅವರೇ..."

"ಹೇಳಿ."

"ಒಳಗೆ ಪೊರಕೆ ಇರೋದು ಯಾವುದೂ ಬೇಡ."

ಮಾನ್ಯರೇ, ದೋನ್ಯಾರನ್ನು ಕರೆದುಕೊಂಡು ಹೋಗಲು ಆ ಪೈಲಟ್‌ನ ಧೈರ್ಯ ಸಾಕು. ಆದರೆ ಪೊರೆ ತೆಗೆಸಿಕೊಂಡವರನ್ನು ಮನೆಗೆ ತಂದುಬಿಡಲು, ಮುಂದಿನ ಹೆರಿಗೆ, ಮುಂದಿನ ಹಲ್ಲುನೋವನ್ನು ಒಯ್ಯಲು, ಯಾರೋ ಒಬ್ಬರು ಬೈಸಿಕೊಳ್ಳುವ ಧೈರ್ಯ ಪ್ರತಿ ಸಲವೂ ಸಿಗುವುದಿಲ್ಲ. ಆದ್ದರಿಂದ ನಮ್ಮ ಹಕ್ಕೊತ್ತಾಯ ಇದು: ಮುಚ್ಚುವ ಆದೇಶವನ್ನು ಹಿಂದಕ್ಕೆ ಪಡೆಯಿರಿ. ದೋನ್ಯಾ ಎತೆಲ್ವಿನಾ ಕಣ್ಣು ತೆರೆದು ಬಂದು, ಎರಡು ಬಾಯಿಯ ತೋಳನ್ನು ಮುಗಿಸಿದ ದಿನ, ಅದನ್ನು ಅಂಗೀಕೃತ ಎಂದು ಒಪ್ಪಿ. ಅನುಮಾನವಿದ್ದರೆ ತಾವೇ ಬಂದು ಹಿಸುಕಿ ನೋಡಿ, ಊಟಕ್ಕೆ ಇರಿ. ಅಷ್ಟರಲ್ಲಿ ಆ ಪೈಲಟ್‌ನ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬೇಡಿ. ಕೈಗೊಳ್ಳಲೇಬೇಕೆಂದರೆ ನನ್ನ ಮೇಲೆ ಕೈಗೊಳ್ಳಿ. ಕಾರಣ ಈಗ ಹೇಳುತ್ತೇನೆ.

ತಮ್ಮ ಆದೇಶವನ್ನು ನಾನು ನಾಟಕದ ಪಾಠದಂತೆ ಬಾಯಿಪಾಠ ಮಾಡಿದ್ದೇನೆ. ಬಟ್ಟೆ, ಉಣ್ಣೆ, ಚರ್ಮ, ಲೋಹ ಯಾವುದನ್ನೂ ಕಂಬಕ್ಕೆ ಏರಿಸಕೂಡದು ಎಂದಿದೆ. ಮನುಷ್ಯ ನೆಲದ ಮೇಲೆ ನಿಲ್ಲಕೂಡದು ಎಂದು ಎಲ್ಲಿಯೂ ಇಲ್ಲ. ನನ್ನ ಹತ್ತಿರ ಹಾಸಿಗೆಯಷ್ಟು ಅಗಲದ ಕೆಂಪು ಪೊಂಚೊ ಹೊದಿಕೆಯೊಂದಿದೆ. ನೆತ್ತಿಯಿಂದ ತೊಟ್ಟು ಕೈ ಬಿಡಿಸಿದರೆ, ಗಾಳಿ ಬೀಸಿದತ್ತ ಅದು ಮೈಬಿಟ್ಟು ಹಾರುತ್ತದೆ. ಗಾಳಿ ನಿಂತರೆ ಜೋತುಬೀಳುತ್ತದೆ. ಎತ್ತಲಿಂದ ಬಂದರೂ ನಾನು ಸುಳ್ಳು ಹೇಳಲಾರೆ. ನನ್ನ ಹೆಂಡತಿ ಇದನ್ನು ಕೇಳಿ, "ಜೇಬಿಗೆ ಕಲ್ಲು ತುಂಬ್ಕೋ ಮಾರಾಯ, ಇಲ್ಲಾಂದ್ರೆ ವಿಮಾನಕ್ಕಿಂತ ಮುಂಚೆ ನೀನೇ ಹೊರಡ್ತೀಯ," ಎಂದಿದ್ದಾಳೆ. ಕಲ್ಲು ಆರಿಸಿಟ್ಟಿದ್ದಾಳೆ ಕೂಡ.

ನಾಳೆ ಬೆಳಗ್ಗೆ, ದೋನ್ಯಾ ಎತೆಲ್ವಿನಾ ಒಳ್ಳೆಯ ಶಾಲು ಹೊದ್ದು, ಹೆಣಿಗೆಯ ಚೀಲ ಹಿಡಿದು ರನ್‌ವೇಯ ಬದಿಯಲ್ಲಿ ಕುಳಿತಿರುವಾಗ, ನಾನು ಕಂಬದಿಂದ ಹತ್ತು ಹೆಜ್ಜೆ ದೂರದಲ್ಲಿ, ಆದೇಶದ ಒಂದಕ್ಷರವನ್ನೂ ಮೀರದೆ, ಎರಡೂ ಕೈ ಚಾಚಿ ನಿಲ್ಲುತ್ತೇನೆ. ವಿಮಾನದ ಸದ್ದು ಕೇಳಿದ ಕ್ಷಣದಿಂದ, ಅದು ಇಳಿದು, ದೋನ್ಯಾ ಹತ್ತಿ, ಮತ್ತೆ ಮೇಲೇರುವವರೆಗೆ ಕೈ ಇಳಿಸುವುದಿಲ್ಲ.

ಇಂತಿ, ಇಲಾಖೆ ಅಂಗೀಕರಿಸದ, ತುಸು ಸೊಂಟನೋವಿರುವ, ಆದರೆ ಒಳಗೆ ಪೊರಕೆಯಿಲ್ಲದ,

ಅನ್ಸೆಲ್ಮೊ ಕಿಲೊದ್ರಾನ್
ಲಾಗೂನಾ ತೂರ್ಬಿಯಾದ ಹಂಗಾಮಿ ಗಾಳಿತೋಳು